ಭಾನುವಾರ ಮಣ್ಣಿನ ಮಾದರಿ ಸಂಗ್ರಹ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7 ಗಂಟೆಗೆ ಹೆಸರಘಟ್ಟ ಭಾಗದ ರಾಗಿ ಹೊಲಗಳಲ್ಲಿ ಮಣ್ಣಿನ ಮಾದರಿ ತೆಗೆಯಲಿದ್ದೇವೆ. ಹೆಸರು ಕೊಟ್ಟಿರುವ ರೈತರು, ಸ್ವಯಂಸೇವಕರು ತಪ್ಪದೆ ಬನ್ನಿ.

ಬದು, ಮರದ ಬುಡ, ತಿಪ್ಪೆಯ ಪಕ್ಕ ಬೇಡ. ಎಂಟು-ಹತ್ತು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಉಳಿಸಿಕೊಳ್ಳಿ. ಪ್ಲಾಸ್ಟಿಕ್ ಬಕೆಟ್ ತನ್ನಿ. ಸತು ಲೇಪಿಸಿದ ತಗಡಿನದು ಸತುವಿನ ಲೆಕ್ಕವನ್ನೇ ಕೆಡಿಸುತ್ತದೆ.

ಮಾದರಿಯ ಜೊತೆ ಇಡುವ ಚೀಟಿಯಲ್ಲಿ ಸರ್ವೆ ನಂಬರ್, ಮೊಬೈಲ್‌ನಲ್ಲಿ ಗುರುತಿಸಿದ ಜಾಗ, ದಿನಾಂಕ, ಹಿಂದಿನ ಬೆಳೆ, ಹಾಕಿದ ಗೊಬ್ಬರ ಇರಲೇಬೇಕು. ಪರೀಕ್ಷೆಯ ನಂತರ ಸರ್ಕಾರ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಫಲಿತಾಂಶ ಬಂದರೂ, ಅದು ಯಾವ ಹೊಲದ್ದೆಂದು ತಿಳಿಯದಿದ್ದರೆ ಮುಂದಿನ ಬಾರಿ ಹೋಲಿಸುವುದು ಹೇಗೆ? ರೈತರ ಒಪ್ಪಿಗೆಯಿಲ್ಲದೆ ಮಾತ್ರ ಯಾವ ವಿವರವನ್ನೂ ಹಂಚಬೇಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.