ರೋಮ್‌ನ ಮೊದಲ ದಿನಕ್ಕೆ ಮುನ್ನ

ಮಾನ್ಯ ಸಂಪಾದಕರೇ,

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಿಂದ ರೋಮ್‌ಗೆ ಹೊರಡುವವರು ವೀಸಾದಷ್ಟೇ ಗಮನವನ್ನು ಅಲ್ಲಿನ ಪ್ರಾಚೀನ ಕ್ರೀಡಾಂಗಣ ಕೊಲೋಸಿಯಂನ ಟಿಕೆಟ್ಟಿಗೂ ಕೊಡಬೇಕು. ಅದು ವ್ಯಕ್ತಿಯ ಹೆಸರಿನಲ್ಲೇ ಇರುತ್ತದೆ. ಬಾಗಿಲಲ್ಲಿ ಗುರುತಿನ ದಾಖಲೆ ಕೇಳುತ್ತಾರೆ. ಮನೆತನದ ಅಥವಾ ತಂದೆಯ ಹೆಸರನ್ನು ಇನಿಶಿಯಲ್ ಮಾಡಿ ಬರೆಯುವುದು ನಮ್ಮಲ್ಲಿ ರೂಢಿ, ಪಾಸ್‌ಪೋರ್ಟಿನಲ್ಲಿ ಅದು ಪೂರ್ತಿ ಬಿಡಿಸಿರುತ್ತದೆ. ತೊಡಕಾಗುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿದ್ದಂತೆ, ಅಕ್ಷರ ಬಿಡದೆ ತುಂಬಿ.

ಅಲ್ಲಿನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಹಾಗಾಗಿ ನಸುಕಿಗೇ ಎಚ್ಚರವಾಗುತ್ತದೆ, ಸಂಜೆಯಾಗುವಾಗ ಕಣ್ಣು ಎಳೆಯುತ್ತದೆ. ಕೊಲೋಸಿಯಂಗೆ ಬೆಳಗಿನ ಮೊದಲ ಸಮಯವನ್ನೇ ಕಾಯ್ದಿರಿಸಿ. ದೊಡ್ಡ ಬ್ಯಾಗು, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ. ಪಕ್ಕದಲ್ಲೇ ಪ್ರಾಚೀನ ಅವಶೇಷಗಳಿರುವ ಫೋರಮ್, ಪ್ಯಾಲಟೈನ್ ಗುಡ್ಡಕ್ಕೂ ಅದೇ ಟಿಕೆಟ್ ಸಾಕು. ಅಲ್ಲಿಂದ ಪ್ರಾಚೀನ ದೇಗುಲ ಪ್ಯಾಂಥಿಯನ್‌ಗೆ ನಡೆದೇ ಹೋಗಬಹುದು; 2023ರ ಜುಲೈಯಿಂದ ಅಲ್ಲೂ ಪ್ರವೇಶ ಶುಲ್ಕವಿದೆ. 43 ಮೀಟರಿಗೂ ಅಗಲದ ಆ ಕಾಂಕ್ರೀಟು ಗುಮ್ಮಟದ ನೆತ್ತಿಯ ಕಿಂಡಿಯಿಂದ ಮಳೆ ನೇರ ಒಳಗೇ ಬೀಳುತ್ತದೆ. ನೆಲದಲ್ಲಿ ನೀರಿಳಿಯುವ ಸಣ್ಣ ತೂತುಗಳಿವೆ, ನೋಡಲು ಮರೆಯಬೇಡಿ.

ಬೀದಿಯ ಕಪ್ಪುಕಲ್ಲು ಒದ್ದೆಯಾದರೆ ಜಾರುತ್ತದೆ, ಹಿರಿಯರಿಗೆ ಚಪ್ಪಲಿ ಬೇಡ. ರಸ್ತೆಬದಿಯ ಎರಕದ ಕಬ್ಬಿಣದ ನಲ್ಲಿಗಳಲ್ಲಿ ಸದಾ ಹರಿಯುವ ನೀರು ಕುಡಿಯಲು ಯೋಗ್ಯ. ಕೊಳವೆಯ ಬಾಯಿಗೆ ಬೆರಳಿಟ್ಟರೆ ಮೇಲಿನ ತೂತಿನಿಂದ ಚಿಮ್ಮುತ್ತದೆ. ಬಸ್ಸಿನ ಕಾಗದದ ಟಿಕೆಟನ್ನು ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲವಾದರೆ ದಂಡ.

ವ್ಯಾಟಿಕನ್ ಮರುದಿನಕ್ಕಿರಲಿ. ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರಗಳಲ್ಲಿ ಅಲ್ಲಿನ ಮ್ಯೂಸಿಯಂ ಮುಚ್ಚಿರುತ್ತದೆ. ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ.

– ಓದುಗರು, ಬದಿಯಡ್ಕ