ಆನ್‌ಲೈನ್ ಐಟಿ ಪದವಿಯ ಬರಹಗಳನ್ನು ಓದುವವರು ಯಾರು? ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ಆನ್‌ಲೈನ್ ಮೂಲಕ ಮಾಹಿತಿ ತಂತ್ರಜ್ಞಾನದ ಪದವಿ ಓದುವವರಿಗೆ ಮಾರ್ಗದರ್ಶನ ನೀಡುವುದು ನನ್ನ ವೃತ್ತಿ. ಇಂಥ ಪದವಿಗಳ ಮಾನ್ಯತೆಯ ವಿಷಯದಲ್ಲಿ ತಮ್ಮ ಇಲಾಖೆಯ ಮಾತಿಗೆ ತೂಕವಿರುವುದರಿಂದ ಈ ಪತ್ರ ತಮಗೆ. ಓದುತ್ತಿರುವವರಿಗೂ ಉಪಯೋಗಕ್ಕೆ ಬರುವ ಕೆಲವು ಮಾತುಗಳು ಇದರಲ್ಲಿರುವುದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ. ಮುಖ್ಯ ಕೋರಿಕೆ ಒಂದೇ. ಸಂಸ್ಥೆಯೊಂದರ ಮಾನ್ಯತೆಯ ಅರ್ಜಿಯನ್ನು ಪರಿಶೀಲಿಸುವಾಗ, ಎಷ್ಟು ಜನ ದಾಖಲಾದರು, ಎಷ್ಟು ಗಂಟೆಗಳ ವಿಡಿಯೊ ಪಾಠಗಳಿವೆ ಎಂದು ಕೇಳುವುದರ ಜೊತೆಗೆ, ವಿದ್ಯಾರ್ಥಿ ಬರೆದು ಒಪ್ಪಿಸಿದ್ದನ್ನು ಯಾರು ಓದುತ್ತಾರೆ, ಎಷ್ಟು ದಿನಗಳೊಳಗೆ ಏನೆಂದು ಉತ್ತರಿಸುತ್ತಾರೆ ಎಂಬುದನ್ನೂ ಕೇಳಬೇಕು; ಆ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಗದಿದ್ದರೆ ಮಾನ್ಯತೆ ಕೊಡಬಾರದು.

ಈ ಪದವಿಗಳಲ್ಲಿ ಕಲಿಕೆಯನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಒಂದು, ಉದ್ಯಮದವರು ಗುರುತಿಸುವ ಸರ್ಟಿಫಿಕೇಷನ್ ಪರೀಕ್ಷೆಗಳು: ಐಟಿ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ (ಕಂಪ್ಯೂಟರ್ ನಿರ್ವಹಣೆ), ನೆಟ್‌ವರ್ಕ್ ಪ್ಲಸ್ (ಕಂಪ್ಯೂಟರ್ ಜಾಲ), ಸೆಕ್ಯುರಿಟಿ ಪ್ಲಸ್ (ಭದ್ರತೆ), ಐಟಿ ಸೇವಾ ನಿರ್ವಹಣೆಯ ಐಟಿಐಎಲ್ ಫೌಂಡೇಶನ್, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಪ್ರಾಥಮಿಕ ಪರೀಕ್ಷೆಯಾದ ಲಿನಕ್ಸ್ ಎಸೆನ್ಷಿಯಲ್ಸ್ ಇತ್ಯಾದಿ. ಇನ್ನೊಂದು, ಲಿಖಿತ ಮೌಲ್ಯಮಾಪನ: ಕಲ್ಪಿತ ಕಂಪನಿಯೊಂದರ ಕಂಪ್ಯೂಟರ್ ಜಾಲವನ್ನು ವಿನ್ಯಾಸಗೊಳಿಸಿ ಕಾರಣ ಕೊಡುವುದು, ಭದ್ರತಾ ಅಪಾಯಗಳನ್ನು ಪಟ್ಟಿ ಮಾಡಿ ಯಾವುದನ್ನು ಮೊದಲು ನಿವಾರಿಸಬೇಕೆಂದು ವಾದಿಸುವುದು, ಡೇಟಾಬೇಸ್‌ನ ಕೋಷ್ಟಕಗಳನ್ನು ಹೀಗೆಯೇ ಏಕೆ ಒಡೆದೆವೆಂದು ಸಮರ್ಥಿಸುವುದು, ಕೊನೆಯಲ್ಲಿ ಒಂದು ಪೂರ್ಣ ಯೋಜನೆಯ ವರದಿ. ಮೊದಲನೆಯದರ ಗುಣಮಟ್ಟವನ್ನು ಕಾಯುವುದಕ್ಕೆ ಹೊರಗಿನ ಸಂಸ್ಥೆಗಳಿವೆ. ಎರಡನೆಯದು ಸಂಪೂರ್ಣವಾಗಿ ಶಿಕ್ಷಣ ಸಂಸ್ಥೆಯ ಕೈಯಲ್ಲಿದೆ, ಆದ್ದರಿಂದ ತಮ್ಮ ಕಣ್ಣು ಬೀಳಬೇಕಾದದ್ದೂ ಅಲ್ಲಿಯೇ.

ಸರ್ಟಿಫಿಕೇಷನ್ ಪರೀಕ್ಷೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಎ ಪ್ಲಸ್ ಪಡೆಯಲು ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು; ಪ್ರತಿಯೊಂದರಲ್ಲಿ ಗರಿಷ್ಠ 90 ಪ್ರಶ್ನೆ, 90 ನಿಮಿಷ. ಅಂಕಗಳ ಮಾಪಕ 100ರಿಂದ 900ರವರೆಗೆ; ಮೊದಲ ಪರೀಕ್ಷೆಗೆ 675, ಎರಡನೆಯದಕ್ಕೆ 700 ಬೇಕು. ಸೆಕ್ಯುರಿಟಿ ಪ್ಲಸ್‌ಗೆ 750. (ಇದನ್ನು ಶೇಕಡಾವಾರು ಲೆಕ್ಕಕ್ಕೆ ಇಳಿಸಿ ಹೆದರುವ ವಿದ್ಯಾರ್ಥಿಗಳಿದ್ದಾರೆ, ಮಾಪಕ ಸೊನ್ನೆಯಿಂದ ಆರಂಭವಾಗುವುದೇ ಇಲ್ಲವಾದ್ದರಿಂದ ಆ ಲೆಕ್ಕಕ್ಕೆ ಅರ್ಥವಿಲ್ಲ.) ಬಹು ಆಯ್ಕೆಯ ಪ್ರಶ್ನೆಗಳ ನಡುವೆ, ಸಾಮಾನ್ಯವಾಗಿ ಆರಂಭದಲ್ಲಿಯೇ, ಪರದೆಯ ಮೇಲೆ ಕೆಲಸ ಮಾಡಿ ತೋರಿಸಬೇಕಾದ ಪ್ರಶ್ನೆಗಳು ಬರುತ್ತವೆ: ಫೈರ್‌ವಾಲ್‌ನ (ಜಾಲದೊಳಗೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕೆಂದು ನೋಡುವ ಕಾವಲು ವ್ಯವಸ್ಥೆ) ನಿಯಮಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ, ಕೆಟ್ಟಿರುವ ಸಂಪರ್ಕವನ್ನು ಪತ್ತೆಹಚ್ಚಿ ಎಂಬಂಥವು. ಅವುಗಳನ್ನು ಗುರುತು ಹಾಕಿ ಬದಿಗಿಟ್ಟು, ಉಳಿದವನ್ನು ಮುಗಿಸಿ ಹಿಂದಿರುಗುವುದು ಸಮಯದ ದೃಷ್ಟಿಯಿಂದ ಜಾಣತನ. ಆದರೆ ಮನೆಯ ಕಂಪ್ಯೂಟರಿನಲ್ಲಿ ವರ್ಚುವಲ್ ಯಂತ್ರವೊಂದನ್ನು (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ಸ್ಥಾಪಿಸಿ, ಅದನ್ನು ಕೆಡಿಸಿ, ಮತ್ತೆ ಸರಿಪಡಿಸಿ ನೋಡದವರಿಗೆ ಈ ಉಪಾಯವೂ ಹೆಚ್ಚು ಒದಗುವುದಿಲ್ಲ.

ಪರೀಕ್ಷಾ ಸಂಸ್ಥೆಗಳು ಪ್ರತಿ ಪರೀಕ್ಷೆಯ ವಿಷಯಪಟ್ಟಿಯನ್ನು ಉಚಿತವಾಗಿ ಪ್ರಕಟಿಸುತ್ತವೆ, ಯಾವ ವಿಭಾಗಕ್ಕೆ ಶೇಕಡಾ ಎಷ್ಟು ತೂಕ ಎಂಬುದೂ ಅದರಲ್ಲಿರುತ್ತದೆ. ಚೆನ್ನಾಗಿ ಓದುವವರು ಮೊದಲು ತೆರೆಯುವುದು ಆ ಪಟ್ಟಿಯನ್ನು. ಸೋಲುವವರಲ್ಲಿ ಬಹುಪಾಲು ಜನ ಅದನ್ನು ಕೊನೆಯ ವಾರದಲ್ಲಿ ನೋಡುತ್ತಾರೆ. ಅದೇ ರೀತಿ, ವಿಡಿಯೊ ಪಾಠವನ್ನು ಮತ್ತೆ ಮತ್ತೆ ನೋಡುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಉತ್ತರಿಸಿ ನೋಡುವುದು ಮೇಲು ಎಂಬುದಕ್ಕೆ ಮನಶ್ಶಾಸ್ತ್ರದ ಗಟ್ಟಿ ಆಧಾರವಿದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮರು ಓದಿದವರು ಮುಂದಿದ್ದರು, ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಉತ್ತರಿಸಿ ಅಭ್ಯಾಸ ಮಾಡಿದವರು ಮುಂದಿದ್ದರು. ವಿಡಿಯೊ ಗಂಟೆಗಳನ್ನೇ ಬೋಧನೆಯ ಅಳತೆಯೆಂದು ತೋರಿಸುವ ಅರ್ಜಿಗಳನ್ನು ಓದುವಾಗ ಅಧಿಕಾರಿಗಳು ಈ ಪ್ರಯೋಗವನ್ನು ನೆನಪಿಡುವುದು ಒಳ್ಳೆಯದು.

ಸರ್ಟಿಫಿಕೇಷನ್‌ಗಳ ಬಗ್ಗೆ ಇಲಾಖೆ ಮಾಡಬೇಕಾದದ್ದು ಸ್ವಲ್ಪ, ಆದರೆ ಸ್ಪಷ್ಟ. ಈ ಪ್ರಮಾಣಪತ್ರಗಳಲ್ಲಿ ಹಲವಕ್ಕೆ ಆಯುಷ್ಯವಿದೆ. ಸೆಕ್ಯುರಿಟಿ ಪ್ಲಸ್ ಮೂರು ವರ್ಷಗಳಿಗೆ ಮುಗಿಯುತ್ತದೆ, ನವೀಕರಿಸಲು ಆ ಅವಧಿಯಲ್ಲಿ ತರಬೇತಿಯಂಥ ಮುಂದುವರಿಕೆಯ ಕಲಿಕೆಯಿಂದ 50 ಅಂಕಗಳನ್ನು ಗಳಿಸಬೇಕು. ಲಿನಕ್ಸ್ ಎಸೆನ್ಷಿಯಲ್ಸ್‌ಗೆ ಅಂಥ ಗಡುವಿಲ್ಲ. ಪರೀಕ್ಷೆಯ ಆವೃತ್ತಿಗಳೂ ಬದಲಾಗುತ್ತವೆ: ಸೆಕ್ಯುರಿಟಿ ಪ್ಲಸ್‌ನ 701 ಸಂಖ್ಯೆಯ ಆವೃತ್ತಿ 2023ರ ನವೆಂಬರ್‌ನಲ್ಲಿ ಬಂದಿತು, ಹಳೆಯ 601 ಸಂಖ್ಯೆಯದು 2024ರ ಜುಲೈ ಕೊನೆಗೆ ನಿಂತಿತು. ಉದ್ಯೋಗ ಮಾಡುತ್ತ ನಿಧಾನವಾಗಿ ಓದುವವರಿಗೆ ಪದವಿ ಮುಗಿಯುವ ಮೊದಲೇ ಮೊದಲ ಪ್ರಮಾಣಪತ್ರದ ಅವಧಿ ತೀರಿಹೋಗುವುದು ಅಸಾಧ್ಯವಲ್ಲ. ಹಾಗಾಗಿ, ಒಮ್ಮೆ ತೇರ್ಗಡೆಯಾದ ದಿನಾಂಕದಂದು ದೊರೆತ ಪದವಿಯ ಕ್ರೆಡಿಟ್, ಪ್ರಮಾಣಪತ್ರದ ಅವಧಿ ಮುಗಿದ ಮಾತ್ರಕ್ಕೆ ರದ್ದಾಗದು ಎಂಬ ಒಂದು ವಾಕ್ಯ ನಿಯಮದಲ್ಲಿರಬೇಕು. ಕಾಂಪ್‌ಟಿಯಾದ ನಿಯಮದಂತೆ ಎರಡು ಬಾರಿ ಅನುತ್ತೀರ್ಣರಾದವರು ಮೂರನೆಯ ಪ್ರಯತ್ನಕ್ಕೆ ಕನಿಷ್ಠ 14 ದಿನ ಕಾಯಬೇಕು, ಪ್ರತಿ ಬಾರಿಯೂ ಪೂರ್ತಿ ಶುಲ್ಕ ಕಟ್ಟಬೇಕು. ಮರುಪ್ರಯತ್ನದ ಶುಲ್ಕವನ್ನು ಯಾರು ಭರಿಸುತ್ತಾರೆಂಬುದನ್ನು ದಾಖಲಾತಿಯ ದಿನವೇ ಬರವಣಿಗೆಯಲ್ಲಿ ತಿಳಿಸುವಂತೆ ಸಂಸ್ಥೆಗಳಿಗೆ ಸೂಚಿಸಬೇಕು. ಮನೆಯಿಂದ ಕ್ಯಾಮೆರಾದ ಕಾವಲಿನಲ್ಲಿ ಪರೀಕ್ಷೆ ಬರೆಯಲು ಪ್ರತ್ಯೇಕ ಕೋಣೆ, ಸ್ಥಿರ ಇಂಟರ್‌ನೆಟ್ ಇಲ್ಲದವರಿಗೆ ಸಾರ್ವಜನಿಕ ಕಾಲೇಜುಗಳ ಕಂಪ್ಯೂಟರ್ ಕೊಠಡಿಗಳನ್ನು ತೆರೆದಿಡುವುದು ತಮ್ಮ ಒಂದು ಸುತ್ತೋಲೆಯಿಂದ ಆಗುವ ಕೆಲಸ.

ಇನ್ನು ಬರವಣಿಗೆಯ ವಿಷಯ. ಐಟಿ ಓದುವವರು ಏಕೆ ಬರೆಯಬೇಕೆಂದು ವಿದ್ಯಾರ್ಥಿಗಳು ಕೇಳುತ್ತಾರೆ, ಕೆಲವೊಮ್ಮೆ ಸಂಸ್ಥೆಗಳ ಆಡಳಿತದವರೂ ಕೇಳುತ್ತಾರೆ. ಬರಹ ಓದಿಸಲು ಹಣ ಖರ್ಚಾಗುತ್ತದೆ, ಬಹು ಆಯ್ಕೆಯ ಪ್ರಶ್ನೆಗಳನ್ನು ಯಂತ್ರವೇ ತಿದ್ದುತ್ತದೆ. ನನ್ನ ಉತ್ತರ ಇಷ್ಟು. ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸಬಲ್ಲವನಿಗೆ ಅದು ಏಕೆ ಸರಿ ಎಂದು ಗೊತ್ತಿರಲೇಬೇಕೆಂದಿಲ್ಲ. ಕೆಲಸದಲ್ಲಿ ಆಯ್ಕೆಗಳನ್ನು ಯಾರೂ ಬರೆದು ಕೊಡುವುದಿಲ್ಲ. ಸರ್ವರ್ ಕೈಕೊಟ್ಟ ರಾತ್ರಿ ಏನಾಯಿತೆಂದು ಮರುದಿನ ಬೆಳಿಗ್ಗೆ ತಂತ್ರಜ್ಞಾನ ತಿಳಿಯದ ಮೇಲಧಿಕಾರಿಗೆ ಅರ್ಥವಾಗುವಂತೆ ವರದಿ ಬರೆಯುವುದು, ವ್ಯವಸ್ಥೆಯಲ್ಲಿ ಬದಲಾವಣೆ ತರುವ ಮುನ್ನ ಅದರ ಅಪಾಯವನ್ನೂ, ಎಡವಿದರೆ ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನೂ ಕಾಗದದ ಮೇಲೆ ಇಡುವುದು, ಇವೆಲ್ಲ ಬರವಣಿಗೆಯೇ. ಈಜು ಗೊತ್ತಿದೆಯೆಂದು ಪರೀಕ್ಷೆಯಲ್ಲಿ ಗುರುತು ಹಾಕುವುದು ಬೇರೆ, ನೀರಿಗಿಳಿಯುವುದು ಬೇರೆ.

ಇಂಥ ಬರಹಗಳನ್ನು ಅಳೆಯಲು ಸಂಸ್ಥೆಗಳು ರೂಬ್ರಿಕ್ ಎಂಬ ಮಾನದಂಡದ ಕೋಷ್ಟಕವನ್ನು ಕೊಡುತ್ತವೆ. ಯಶಸ್ವಿಯಾಗುವ ವಿದ್ಯಾರ್ಥಿ ಬರೆಯುವ ಮೊದಲು ಅದನ್ನು ಓದುತ್ತಾನೆ. ಅದರ ಪ್ರತಿ ಸಾಲಿಗೂ ತನ್ನ ವರದಿಯಲ್ಲಿ ಒಂದು ಶೀರ್ಷಿಕೆ ಇಡುತ್ತಾನೆ. ವಿವರಿಸಲು ಹೇಳಿದಲ್ಲಿ ವಿವರಿಸಿ, ಸಮರ್ಥಿಸಲು ಹೇಳಿದಲ್ಲಿ ಕಾರಣ ಕೊಡುತ್ತಾನೆ. ಜಾಣ ವಿದ್ಯಾರ್ಥಿಗಳೂ ಇಲ್ಲಿ ಸೋಲುವುದನ್ನು ಕಂಡಿದ್ದೇನೆ. ತಮಗೆ ಗೊತ್ತಿರುವುದನ್ನೆಲ್ಲ ಚೆನ್ನಾಗಿ ಬರೆದು, ಕೇಳಿದ ಒಂದು ಅಂಶವನ್ನು ಮಾತ್ರ ಬಿಟ್ಟಿರುತ್ತಾರೆ. ಬರಹ ತಿದ್ದುಪಡಿಗೆಂದು ವಾಪಸು ಬಂದಾಗ ಅದನ್ನು ಅವಮಾನವೆಂದು ಭಾವಿಸಿ ವಾರಗಟ್ಟಲೆ ಫೈಲು ತೆರೆಯದವರ ಸಂಖ್ಯೆಯೂ ಕಡಿಮೆಯಿಲ್ಲ, ಮತ್ತು ನನ್ನ ಅನುಭವದಲ್ಲಿ ಓದನ್ನು ಅರ್ಧಕ್ಕೆ ಬಿಡುವವರು ಬಿಡುವುದು ಪರೀಕ್ಷೆಯಲ್ಲಿ ಸೋತಾಗ ಅಲ್ಲ, ಈ ಹಂತದಲ್ಲಿ. ವಾಸ್ತವವಾಗಿ ತಿದ್ದಿ ಮರಳಿ ಒಪ್ಪಿಸುವುದು ಈ ಪದ್ಧತಿಯ ಜೀವಾಳ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲಿ ಮುಂದಿಟ್ಟ ಪ್ರಭುತ್ವ ಕಲಿಕೆಯ ವಿಚಾರದ ತಿರುಳೂ ಅದೇ: ಸಮಯ ಮತ್ತು ಸೂಕ್ತ ಪ್ರತಿಕ್ರಿಯೆ ಸಿಕ್ಕರೆ ಹೆಚ್ಚಿನವರು ಕಲಿಯಬಲ್ಲರು. ಆ ಪ್ರತಿಕ್ರಿಯೆ 'ಮೂರನೆಯ ಅಂಶ ಸಾಲದು' ಎಂಬ ಒಂದೇ ಸಾಲಾಗಿದ್ದರೆ, ಮೂರನೆಯ ಬಾರಿ ಅದೇ ಸಾಲು ಬಂದರೆ, ಸಮಯವೊಂದಿದ್ದು ಏನು ಪ್ರಯೋಜನ?

ಈ ಪ್ರಶ್ನೆ ಬೇರೆಡೆ ಕಾನೂನಿನ ಪ್ರಶ್ನೆಯಾಗಿಯೇ ಎದ್ದಿದೆ. ಅಮೆರಿಕದಲ್ಲಿ 1997ರಲ್ಲಿ 19 ರಾಜ್ಯಗಳ ಗವರ್ನರ್‌ಗಳು, ಅಂದರೆ ತಮ್ಮಂತೆಯೇ ಚುನಾಯಿತರಾದವರು, ಸೇರಿ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ತರಗತಿಯಲ್ಲಿ ಕುಳಿತ ಗಂಟೆಗಳ ಬದಲು ಸಾಮರ್ಥ್ಯವನ್ನು ಅಳೆಯುವ, ಸರ್ಟಿಫಿಕೇಷನ್ ಮತ್ತು ಲಿಖಿತ ಕೆಲಸಗಳನ್ನು ಪದವಿಯೊಳಗೆ ಹೆಣೆಯುವ ಮಾದರಿ ಅದು. 2017ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯ ಮಹಾನಿರೀಕ್ಷಕರ ಕಚೇರಿ, ಅದರ ಹಲವು ಕೋರ್ಸುಗಳಲ್ಲಿ ಬೋಧಕರಿಗೂ ವಿದ್ಯಾರ್ಥಿಗಳಿಗೂ ನಿಯತವಾದ, ಸಾರವತ್ತಾದ ಒಡನಾಟವಿಲ್ಲವೆಂದು ಹೇಳಿ, ಆ ವಿಶ್ವವಿದ್ಯಾಲಯ ಪಡೆದ ಸುಮಾರು 71 ಕೋಟಿ ಡಾಲರ್ ಸರ್ಕಾರಿ ನೆರವನ್ನು ಹಿಂದಿರುಗಿಸಬೇಕೆಂದು ಶಿಫಾರಸು ಮಾಡಿತು. 2019ರ ಜನವರಿಯಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಆ ಶಿಫಾರಸನ್ನು ಒಪ್ಪಲಿಲ್ಲ. ಕಾನೂನೇ ಅಸ್ಪಷ್ಟವಾಗಿತ್ತೆಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. 2021ರ ಜುಲೈಯಿಂದ ಜಾರಿಗೆ ಬಂದ ಹೊಸ ನಿಯಮಗಳು ಸಾರವತ್ತಾದ ಒಡನಾಟವೆಂದರೇನೆಂದು ಬಿಡಿಸಿ ಹೇಳಿದವು, ವಿದ್ಯಾರ್ಥಿಯ ಕೆಲಸವನ್ನು ಮೌಲ್ಯಮಾಪನ ಮಾಡಿ ಪ್ರತಿಕ್ರಿಯೆ ನೀಡುವುದನ್ನು ಅದರಲ್ಲಿ ಎಣಿಸಿದವು. ಆ ವಿವಾದದಲ್ಲಿ ಯಾರದು ಸರಿ ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಮೊದಲು ಹಣ ಕೊಟ್ಟು, ಜನರನ್ನು ಸೇರಿಸಿಕೊಂಡು, ಎರಡು ದಶಕಗಳ ನಂತರ ಬೋಧನೆಯೆಂದರೇನು ಎಂದು ವ್ಯಾಖ್ಯಾನಿಸುವ ಕ್ರಮ ನಮಗೆ ಬೇಡ. ವ್ಯಾಖ್ಯಾನ ಮೊದಲು ಬರಲಿ.

ಇದಕ್ಕೆ ತಳಕು ಹಾಕಿಕೊಂಡ ಇನ್ನೊಂದು ಆತಂಕವಿದೆ. ಬರಹವನ್ನು ಕೃತಕ ಬುದ್ಧಿಮತ್ತೆ ಬರೆದಿದೆಯೇ ಎಂದು ಪತ್ತೆಮಾಡುವುದಾಗಿ ಹೇಳುವ ತಂತ್ರಾಂಶಗಳ ಅಂಕಿಯನ್ನೇ ಸಾಕ್ಷ್ಯವೆಂದು ಹಿಡಿದು ವಿದ್ಯಾರ್ಥಿಗಳ ಮೇಲೆ ಕ್ರಮ ಜರುಗಿಸುವ ಪ್ರವೃತ್ತಿ ಕಾಣುತ್ತಿದೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿಯೇ ತಾನು ಬಿಡುಗಡೆ ಮಾಡಿದ್ದ ಅಂಥ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂಪಡೆಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರ ಬರೆದವೆಂದು ತಪ್ಪಾಗಿ ಗುರುತಿಸಲ್ಪಟ್ಟವು. ಕಲಿತ ಭಾಷೆಯಲ್ಲಿ ಸರಳವಾಗಿ, ಎಚ್ಚರದಿಂದ ಬರೆಯುವವನೇ ಇಲ್ಲಿ ಹೆಚ್ಚು ಸಂಶಯಕ್ಕೆ ಗುರಿಯಾಗುತ್ತಾನೆ. ನಕಲು ಇಲ್ಲವೆಂದು ನಾನು ಹೇಳುತ್ತಿಲ್ಲ, ಇದೆ. ಆದರೆ ಅದನ್ನು ಹಿಡಿಯುವ ದಾರಿ, ಬರೆದವನನ್ನು ಹತ್ತು ನಿಮಿಷ ಕೂರಿಸಿ ಆ ವಿನ್ಯಾಸವನ್ನು ಹೀಗೇಕೆ ಮಾಡಿದೆ ಎಂದು ಕೇಳುವುದು. ಬರಹವನ್ನು ನಿಜವಾಗಿ ಓದಿದ ಬೋಧಕರಿಗೆ ಮಾತ್ರ ಆ ಪ್ರಶ್ನೆಯನ್ನು ಕೇಳಲು ಸಾಧ್ಯ. ಕರಡುಗಳ ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆದರೆ ನಿರಪರಾಧಿಯೆಂದು ಸಾಬೀತುಪಡಿಸುವ ಹೊರೆ ಅವರ ಮೇಲೆ ಬೀಳದಂತೆ ನೋಡಿಕೊಳ್ಳುವುದು ನಿಯಮ ರೂಪಿಸುವವರ ಕರ್ತವ್ಯ.

ಆದ್ದರಿಂದ ಮಾನ್ಯತೆಯ ನಿಯಮಗಳಲ್ಲಿ ಈ ಕೆಳಗಿನವುಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ಪ್ರತಿ ಲಿಖಿತ ಮೌಲ್ಯಮಾಪನದ ಮಾನದಂಡ, ತೇರ್ಗಡೆಯಾದ ಒಂದು ಮಾದರಿ ಬರಹದೊಂದಿಗೆ, ಕೋರ್ಸಿನ ಮೊದಲ ದಿನವೇ ವಿದ್ಯಾರ್ಥಿಗೆ ಲಭ್ಯವಾಗಬೇಕು. ವಾಪಸು ಬಂದ ಬರಹದೊಂದಿಗೆ ವಿಷಯ ಬಲ್ಲ ಬೋಧಕರ ಟಿಪ್ಪಣಿ ಇರಬೇಕು, ಎರಡನೆಯ ಬಾರಿಯೂ ವಾಪಸಾದರೆ ಆ ಬೋಧಕರೊಂದಿಗೆ ನೇರವಾಗಿ ಮಾತನಾಡುವ ಅವಕಾಶ ವಿದ್ಯಾರ್ಥಿಯ ಹಕ್ಕಾಗಿರಬೇಕು. ಪತ್ತೆ ತಂತ್ರಾಂಶದ ಫಲಿತಾಂಶವೊಂದನ್ನೇ ಆಧರಿಸಿ ಯಾರನ್ನೂ ಅನುತ್ತೀರ್ಣಗೊಳಿಸಬಾರದು. ಒಬ್ಬ ಮೌಲ್ಯಮಾಪಕರ ಪಾಲಿಗೆ ಎಷ್ಟು ಬರಹಗಳು ಬರುತ್ತವೆ, ಉತ್ತರಿಸಲು ಸರಾಸರಿ ಎಷ್ಟು ದಿನ ಹಿಡಿಯುತ್ತದೆ, ದಾಖಲಾದವರಲ್ಲಿ ಎಷ್ಟು ಜನ ಪದವಿ ಮುಗಿಸಿದರು ಎಂಬ ಅಂಕಿಗಳನ್ನು ಸಂಸ್ಥೆಗಳು ಪ್ರತಿವರ್ಷ ಪ್ರಕಟಿಸಬೇಕು, ತಪ್ಪಿದರೆ ಹೊಸ ದಾಖಲಾತಿಯನ್ನು ತಡೆಯಬೇಕು.

ಇದರಿಂದ ಶುಲ್ಕ ಏರುತ್ತದೆ ಎಂದು ಸಂಸ್ಥೆಗಳು ಆಕ್ಷೇಪಿಸುವುದು ಖಚಿತ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಓದುವ ಮನುಷ್ಯರಿಗೆ ಸಂಬಳ ಕೊಡಬೇಕಾಗುತ್ತದೆ. ಆ ವೆಚ್ಚವನ್ನು ಮರೆಮಾಚದೆ ತೋರಿಸಲಿ, ಸಾರ್ವಜನಿಕ ನೆರವಿನಲ್ಲಿ ಒಂದು ಪಾಲನ್ನು ಅದಕ್ಕೆಂದೇ ಮೀಸಲಿಡುವ ಬಗ್ಗೆ ತಾವೂ ಆಲೋಚಿಸಿ. ಮುಂದಿನ ಮಾನ್ಯತಾ ಸುತ್ತಿಗೆ ಮುನ್ನ ಕರಡು ನಿಯಮಗಳನ್ನು ಸಾರ್ವಜನಿಕರ ಮುಂದಿಟ್ಟು, ಈ ಪದವಿಗಳನ್ನು ಮುಗಿಸಿದವರ ಜೊತೆಗೆ ಅರ್ಧಕ್ಕೆ ಬಿಟ್ಟವರ ಅಭಿಪ್ರಾಯವನ್ನೂ ಕೇಳಬೇಕೆಂದು ವಿನಂತಿಸುತ್ತೇನೆ.

ಗೌರವಪೂರ್ವಕವಾಗಿ,
ಆನ್‌ಲೈನ್ ಐಟಿ ಪದವಿ ವಿದ್ಯಾರ್ಥಿಗಳ ಒಬ್ಬ ಮಾರ್ಗದರ್ಶಕ