ಇನ್ನು ಮುಂದೆ ಒಂಟಿ ಪಾಟಾ ಏರಿಸುವುದಿಲ್ಲ: ನಮ್ಮ ಪಿಕಪ್ ಗ್ರಾಹಕರಿಗೆ ಒಂದು ಪತ್ರ

ಗಾಡಿ ಮಾಲೀಕರಿಗೆ, ಡ್ರೈವರ್ ಅಣ್ಣಂದಿರಿಗೆ ನಮಸ್ಕಾರ.

ಯುಗಾದಿ ಆದ ಮೇಲಿನ ಸೋಮವಾರದಿಂದ ನಮ್ಮ ಶೆಡ್ಡಿನಲ್ಲಿ ಒಂದು ಕೆಲಸ ನಿಲ್ಲಿಸುತ್ತಿದ್ದೇವೆ. ಪಾಟಾ ಅಂದರೆ ಗಾಡಿಯ ಭಾರ ಹೊರುವ ಕಮಾನಿನ ಸ್ಪ್ರಿಂಗ್ ಪಟ್ಟಿ; ಒಂದರ ಮೇಲೊಂದು ಜೋಡಿಸಿದರೆ ಅದೇ ಸೆಟ್. "ಹಿಂದೆ ಒಂದು ಪಾಟಾ ಏರಿಸಿ ಕೊಡಿ, ಮಂಡಿಗೆ ಹೋಗಬೇಕು" ಅಂತ ಬಂದರೆ ಆ ಒಂದೇ ಪಾಟಾ ತೂರಿಸಿ ಕಳಿಸುವುದಿಲ್ಲ. ಹಿಂದಿನ ಪಾಟಾ ಗಟ್ಟಿ ಮಾಡಬೇಕಾದರೆ ಎರಡೂ ಕಡೆಯ ಸೆಟ್ ಪೂರ್ತಿ ಬಿಚ್ಚುತ್ತೇವೆ. ಪಾಟಾಗಳ ನಡುವೆ ತೂರಿ ಒಂದಾಗಿ ಹಿಡಿಯುವ ಸೆಂಟರ್ ಬೋಲ್ಟ್, ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಎರಡನ್ನೂ ಹೊಸದು ಹಾಕುತ್ತೇವೆ. ಹಿಂದಿನ ಬ್ರೇಕಿನ ವಾಲ್ವ್ ಹೊಂದಿಸಿದ ಮೇಲೆಯೇ ಗಾಡಿ ಬಿಡುತ್ತೇವೆ. ಹಾಗಾಗಿ ಖರ್ಚು ಜಾಸ್ತಿ ಆಗುತ್ತದೆ, ಗಾಡಿ ಒಂದು ದಿನ ಪೂರ್ತಿ ನಮ್ಮಲ್ಲೇ ಇರಬೇಕಾಗುತ್ತದೆ. ಸೀಸನ್ನಿನಲ್ಲಿ ಒಂದು ದಿನ ಗಾಡಿ ನಿಂತರೆ ಎಷ್ಟು ಬಾಡಿಗೆ ಹೋಗುತ್ತದೆ ಅಂತ ನಮಗೂ ಗೊತ್ತು. ಅದಕ್ಕೇ ಮಾವು, ಟೊಮೆಟೊ ಜೋರಾಗುವ ಮುಂಚೆಯೇ ಹೇಳುತ್ತಿದ್ದೇವೆ.

ಕಾರಣ ಬ್ರೇಕು. ಪಾಟಾಗೂ ಬ್ರೇಕಿಗೂ ಏನು ಸಂಬಂಧ ಅಂತ ಬಹಳ ಜನ ಕೇಳುತ್ತಾರೆ. ಇವತ್ತಿನ ಸುಮಾರು ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗಿನಿಂದ (ಆಕ್ಸಲ್ ಕವಚ) ಛಾಸಿಗೆ ಒಂದು ಸಣ್ಣ ರಾಡ್ ಹೋಗಿರುತ್ತದೆ. ಅದರ ತುದಿಯಲ್ಲಿರುವುದೇ ಎಲ್‌ಎಸ್‌ಪಿವಿ, ಅಂದರೆ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್. ಲೋಡ್ ಹಾಕಿದಾಗ ಬಾಡಿ ಕೆಳಗೆ ಕೂರುತ್ತದೆ, ರಾಡ್ ಅಲುಗುತ್ತದೆ, ವಾಲ್ವ್ ಹಿಂದಿನ ಚಕ್ರಕ್ಕೆ ಬ್ರೇಕ್ ಆಯಿಲ್ ಒತ್ತಡ ಜಾಸ್ತಿ ಬಿಡುತ್ತದೆ. ಗಾಡಿ ಖಾಲಿ ಇದ್ದಾಗ ಬಾಡಿ ಮೇಲೆ ನಿಂತಿರುತ್ತದೆ. ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದು ಅಂತ ವಾಲ್ವ್ ಒತ್ತಡ ಕಡಿಮೆ ಮಾಡುತ್ತದೆ. ಈಗ ಪಾಟಾ ಗಟ್ಟಿ ಮಾಡಿ ಎರಡು ಟನ್ ಹಾಕಿದರೂ ಬಾಡಿ ಕೂರದಂತೆ ಮಾಡಿದಿರಿ ಅನ್ನಿ. ವಾಲ್ವಿಗೆ ತೂಕ ಕಾಣುವುದಿಲ್ಲ, ಎತ್ತರ ಮಾತ್ರ ಕಾಣುತ್ತದೆ. ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ. ಪೂರ್ತಿ ಭಾರ ನಿಲ್ಲಿಸುವ ಕೆಲಸ ಮುಂದಿನ ಡಿಸ್ಕುಗಳ ಮೇಲೆ ಬೀಳುತ್ತದೆ. ಮುಳಬಾಗಿಲು, ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವವರಿಗೆ ಇದು ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಎರಡನೆಯದು ಪಾಟಾದ ಲೆಕ್ಕ. ಅಳತೆ ಒಂದೇ ಇರುವ ಐದು ಪಾಟಾದ ಜೊತೆಗೆ ಆರನೆಯದು ಸೇರಿದರೆ ಬಿಗಿ, ಅಂದರೆ ಭಾರಕ್ಕೆ ಬಾಗದೆ ನಿಲ್ಲುವ ಗುಣ, ಹೆಚ್ಚುಕಮ್ಮಿ ಐದನೇ ಒಂದು ಭಾಗ ಏರುತ್ತದೆ. ಆದರೆ ದಪ್ಪ ಬದಲಾದರೆ ಕಥೆಯೇ ಬೇರೆ. 8 ಎಂಎಂ ಪಾಟಾ ಇರುವ ಜಾಗಕ್ಕೆ ಅಷ್ಟೇ ಉದ್ದ, ಅಗಲದ 10 ಎಂಎಂ ಪಾಟಾ ಹಾಕಿದರೆ ಆ ಒಂದು ಪಾಟಾದ ಬಿಗಿ ಸುಮಾರು ಎರಡರಷ್ಟಾಗುತ್ತದೆ. ಗುಜರಿಯಿಂದ ಲಾರಿ ಪಾಟಾ ತಂದು "ಇದನ್ನೇ ಕತ್ತರಿಸಿ ಹಾಕಿಬಿಡಿ" ಅನ್ನುವವರಿಗೆ ನಾವು ಇನ್ನು ಮುಂದೆ ಆಗಲ್ಲ ಅನ್ನುವುದು ಇದಕ್ಕೇ. ಅದರ ಕಮಾನು ಬೇರೆ, ಪಿಕಪ್ಪಿನ ಸೆಟ್ಟಿನ ಕಮಾನು ಬೇರೆ. ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಭಾರವೆಲ್ಲ ಒಂದೇ ಪಾಟಾ ಹೊರುತ್ತದೆ, ಅದೇ ಮೊದಲು ಮುರಿಯುತ್ತದೆ. ಪಾಟಾಗೆ ವೆಲ್ಡಿಂಗ್ ಅಂತೂ ಕೇಳಲೇಬೇಡಿ. ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡಿದ ಉಕ್ಕು ಅದು. ವೆಲ್ಡಿಂಗ್ ಬಿಸಿಗೆ ಆ ಹದ ಹೋಗುತ್ತದೆ.

ಮುರಿದ ಪಾಟಾದ ಒಂದು ತುಂಡನ್ನು ಶೆಡ್ಡಿನ ಬಾಗಿಲ ಹತ್ತಿರವೇ ಇಟ್ಟಿದ್ದೇವೆ. ಬಂದಾಗ ಕೈಯಲ್ಲಿ ಹಿಡಿದು ನೋಡಿ. ಸೆಂಟರ್ ಬೋಲ್ಟ್ ತೂತಿನ ಪಕ್ಕದಲ್ಲೇ ಮುರಿದಿದೆ. ತೂತಿನ ಅಂಚಿನಲ್ಲಿ ಅರ್ಧ ಚಂದ್ರದ ಆಕಾರದಲ್ಲಿ ಕಪ್ಪಗೆ ತುಕ್ಕು ಹಿಡಿದ ಜಾಗ ಇದೆ. ಅದು ಹಳೆಯ ಬಿರುಕು, ಬಹಳ ದಿನದಿಂದ ನಿಧಾನವಾಗಿ ಒಳಗೆ ಹೋಗಿದ್ದು. ಉಳಿದ ಭಾಗ ಬೂದು ಬಣ್ಣ, ಸಕ್ಕರೆ ಹರಳಿನ ಹಾಗೆ ಮಿಂಚುತ್ತದೆ. ಅದು ಒಂದೇ ಏಟಿಗೆ ಹೋಗಿದ್ದು. ಯು ಬೋಲ್ಟ್ ಸಡಿಲ ಇದ್ದರೆ ಪಾಟಾ ಆ ತೂತಿನ ಹತ್ತಿರವೇ ಬಾಗುತ್ತದೆ, ಬಿರುಕು ಅಲ್ಲಿಂದಲೇ ಶುರು. ನಿಮ್ಮ ಗಾಡಿಯ ಯು ಬೋಲ್ಟ್ ಬುಡದಲ್ಲಿ ಕೆಂಪು ಪುಡಿ ಕಾಣುತ್ತಿದ್ದರೆ ಅದು ರಸ್ತೆಯ ಧೂಳಲ್ಲ. ಲೋಹ ಲೋಹಕ್ಕೆ ಉಜ್ಜಿ ಬಂದ ತುಕ್ಕು. ತಡ ಮಾಡದೆ ತೋರಿಸಿ. ಒಮ್ಮೆ ಬಿಗಿದ ಹಳೇ ಯು ಬೋಲ್ಟನ್ನೇ ಮತ್ತೆ ಹಾಕುವುದಿಲ್ಲ ಅಂತ ನಾವು ಹಟ ಹಿಡಿಯುವುದೂ ಇದಕ್ಕೇ. ಅದು ಎಳೆದುಕೊಂಡಿರುತ್ತದೆ, ಬಿಗಿ ನಿಲ್ಲುವುದಿಲ್ಲ.

ಇನ್ನೊಂದು ಹೊಸ ನಿಯಮ: ಬರುವಾಗ ಆರ್‌ಸಿ ತನ್ನಿ, ಸಾಧ್ಯವಾದರೆ ನೀವು ಮಾಮೂಲಾಗಿ ಹಾಕುವ ಲೋಡಿನ ವೇಬ್ರಿಡ್ಜ್ ಚೀಟಿಯನ್ನೂ ತನ್ನಿ. ಅದನ್ನು ನೋಡಿಯೇ ಸೆಟ್ ಹೇಗಿರಬೇಕು ಅಂತ ಹೇಳುತ್ತೇವೆ. 1.7 ಟನ್ ಪಿಕಪ್ ಅಂದರೆ ಕೋಲಾರ ಮಾರುಕಟ್ಟೆಯ 15 ಕೆ.ಜಿ. ಟೊಮೆಟೊ ಬಾಕ್ಸ್ 113 ಹಾಕುವಷ್ಟರಲ್ಲಿ ತೂಕ ಮುಗಿಯಿತು. ಕ್ರೇಟಿನ ತೂಕ, ಟಾರ್ಪಾಲು ಬೇರೆ. ಪಾಟಾ ಎಷ್ಟೇ ಗಟ್ಟಿ ಮಾಡಿದರೂ ಆರ್‌ಸಿಯಲ್ಲಿ ಬರೆದ ತೂಕ ಒಂದು ಕೆ.ಜಿ.ಯೂ ಏರುವುದಿಲ್ಲ. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು, ಆ ಖರ್ಚೂ ನಿಮ್ಮದೇ. ಟೈರಿನ ಪಕ್ಕೆಯನ್ನೂ ಒಮ್ಮೆ ಓದಿ. ಅಲ್ಲಿ ಲೋಡ್ ನಂಬರ್ 100 ಇದ್ದರೆ ಆ ಟೈರ್ ಹೊರುವುದು 800 ಕೆ.ಜಿ. ಮಾತ್ರ. ಬೇರಿಂಗು, ಹೌಸಿಂಗು, ಟೈರು ಹಳೆಯದೇ ಇದ್ದು ಪಾಟಾ ಮಾತ್ರ ಪೈಲ್ವಾನ್ ಆದರೆ ಏನು ಪ್ರಯೋಜನ?

ಹಾಗಂತ ಗಟ್ಟಿ ಪಾಟಾ ಬೇಡ ಅಂತ ಅಲ್ಲ. ಕಮಾನು ಇಳಿದು, ಆರ್‌ಸಿ ತೂಕಕ್ಕೇ ಗಾಡಿ ಹಿಂದೆ ಕೂರುತ್ತಿದ್ದರೆ ಸೆಟ್ ಬದಲಿಸಲೇಬೇಕು. ದಿನಾ ಪೂರ್ತಿ ಲೋಡಿನಲ್ಲಿ ಓಡುವ ಗಾಡಿಗೆ ಹೆಲ್ಪರ್ ಪಾಟಾ ಇರುವ ಸೆಟ್ ಒಳ್ಳೆಯದು ಅನ್ನುವುದು ನಮ್ಮ ಅಭಿಪ್ರಾಯ. ಭಾರ ಬಿದ್ದಾಗ ಮಾತ್ರ ಹೆಲ್ಪರ್ ಕೆಲಸ ಮಾಡುತ್ತದೆ, ಖಾಲಿ ಬರುವಾಗ ಗಾಡಿ ಅಷ್ಟು ಕುಣಿಯುವುದಿಲ್ಲ. ಮಾಲು ಟೊಮೆಟೊ ಆದರೆ ಸುಮ್ನೆ ಕಲ್ಲಿನಂತೆ ಬಿಗಿ ಮಾಡಿಸಬೇಡಿ. ಕೆಳಗಿನ ಕ್ರೇಟಿನಿಂದ ರಸ ಸೋರಲು ಶುರುವಾದರೆ ಮಂಡಿಯಲ್ಲಿ ರೇಟು ಕಡಿಯುತ್ತಾರೆ.

ನಮ್ಮಲ್ಲಾಗಲಿ, ಬೇರೆ ಕಡೆಯಾಗಲಿ ಈಗಾಗಲೇ ಪಾಟಾ ಏರಿಸಿದವರು ಮೇ ತಿಂಗಳ ಒಳಗೆ ಒಮ್ಮೆ ಬನ್ನಿ. ವಾಲ್ವಿನ ರಾಡ್ ನೋಡಿ ಹೊಂದಿಸಿಕೊಡುತ್ತೇವೆ, ಯು ಬೋಲ್ಟ್ ಬಿಗಿ ಪರೀಕ್ಷಿಸುತ್ತೇವೆ. ಇದಕ್ಕೆ ದುಡ್ಡಿಲ್ಲ. ಹೊಸ ಸೆಟ್ ಹಾಕಿಸಿದವರು 500 ಕಿ.ಮೀ. ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿಸಲು ತಪ್ಪದೆ ಬರಬೇಕು, ಅದಕ್ಕೂ ದುಡ್ಡಿಲ್ಲ. ಗಾಡಿ ಖಾಲಿ ತನ್ನಿ, ಅಡಿಭಾಗ ತೊಳೆಸಿಕೊಂಡು ಬಂದರೆ ಇನ್ನೂ ಒಳ್ಳೆಯದು. ಬಿಚ್ಚಿದ ಹಳೇ ಪಾಟಾ ನಿಮ್ಮದೇ, ತಗೊಂಡು ಹೋಗಬಹುದು.

ಇಂತಿ,
ನಿಮ್ಮ ಪಾಟಾ ಶೆಡ್ಡಿನವರು